ವಿಡಿಯೊ ಸಂಕಲನದಲ್ಲಿ ಕೋಡೆಕ್ ತೊಡಕು: ಕಾರಣ ಹುಡುಕುವ ಮತ್ತು ಸರಿಪಡಿಸುವ ಕ್ರಮ

ಈಗ ಒಂದು ಮದುವೆಯ ವಿಡಿಯೊ ಸಂಕಲನಕ್ಕೆ ಕೂತರೆ ಮಿರರ್‌ಲೆಸ್ ಕ್ಯಾಮೆರಾ, ಡ್ರೋನ್, ನೆಂಟರ ಐಫೋನ್, ಆಂಡ್ರಾಯ್ಡ್ ಫೋನ್ ಇವೆಲ್ಲದರ ತುಣುಕುಗಳು ಒಂದೇ ಟೈಮ್‌ಲೈನ್‌ಗೆ ಬಂದು ಸೇರುತ್ತವೆ. ಅವುಗಳಲ್ಲಿ ಒಂದು ತೆರೆಯುವುದೇ ಇಲ್ಲ, ಇನ್ನೊಂದರಲ್ಲಿ ಧ್ವನಿ ಮಾತ್ರ ಕೇಳಿಸುತ್ತದೆ, ಮತ್ತೊಂದು ತಡವರಿಸುತ್ತದೆ, ಮಗದೊಂದರಲ್ಲಿ ಪುರೋಹಿತರ ಮಂತ್ರ ಅವರ ತುಟಿಯ ಚಲನೆಗಿಂತ ಹಿಂದೆ ಬೀಳುತ್ತದೆ. ಆಗ ಹೆಚ್ಚಿನವರು ತಂತ್ರಾಂಶವನ್ನು ಅಳಿಸಿ ಮತ್ತೆ ಹಾಕುತ್ತಾರೆ, ಇಲ್ಲವೇ ಎಲ್ಲಿಂದಲೋ ಒಂದು ಕೋಡೆಕ್ ಪ್ಯಾಕ್ ಇಳಿಸಿಕೊಳ್ಳುತ್ತಾರೆ. ಕೋಡೆಕ್ ಎಂದರೆ ದೃಶ್ಯ, ಧ್ವನಿಗಳನ್ನು ಅಡಕಗೊಳಿಸಿ ಮತ್ತೆ ಬಿಡಿಸುವ ವಿಧಾನ; ಬಿಡಿಸುವ ಭಾಗಕ್ಕೆ ಡಿಕೋಡರ್ ಎನ್ನುತ್ತಾರೆ. ಎರಡರಿಂದಲೂ ಪ್ರಯೋಜನ ಕಡಿಮೆ. ಕೋಡೆಕ್ ಪ್ಯಾಕ್‌ಗಳು ಮುಖ್ಯವಾಗಿ ಪ್ಲೇಯರ್‌ಗಳಿಗಾಗಿ ಇರುವಂಥವು. ಇಂದಿನ ಸಂಕಲನ ತಂತ್ರಾಂಶಗಳು ಬಹುಮಟ್ಟಿಗೆ ತಮ್ಮದೇ ಡಿಕೋಡರ್‌ಗಳನ್ನು ಅಥವಾ ಆಪರೇಟಿಂಗ್ ಸಿಸ್ಟಮ್ ಕೊಡುವ ಡಿಕೋಡರ್‌ಗಳನ್ನು ಬಳಸುತ್ತವೆ. ತೊಂದರೆ ಬಹಳ ಸಲ ಕಡತದಲ್ಲಿಯೇ ಇರುವುದರಿಂದ ಮೊದಲು ಕಡತವನ್ನು ಪರೀಕ್ಷಿಸಬೇಕು.

ಅದಕ್ಕೆ ಮೀಡಿಯಾಇನ್ಫೊ ಎಂಬ ಉಚಿತ ತಂತ್ರಾಂಶ ಸಾಕು. ಕಡತದ ಹೆಸರಿನ ಕೊನೆಯಲ್ಲಿರುವ ಎಂಪಿ4, ಎಂಒವಿ, ಎಂಕೆವಿ ಎಂಬ ಗುರುತುಗಳು ಹೊರಗಿನ ಹೊದಿಕೆಯನ್ನು, ಅಂದರೆ ಕಂಟೇನರನ್ನು ಮಾತ್ರ ಸೂಚಿಸುತ್ತವೆ; ಒಳಗಿನ ದೃಶ್ಯವನ್ನು ಯಾವ ಕೋಡೆಕ್‌ನಲ್ಲಿ ಅಡಕಗೊಳಿಸಲಾಗಿದೆ ಎಂಬುದು ಅದರಿಂದ ತಿಳಿಯುವುದಿಲ್ಲ. ಒಂದೇ ಎಂಪಿ4 ಹೊದಿಕೆಯೊಳಗೆ 2003ರಲ್ಲಿ ಬಂದ ಎಚ್.264 ಇರಬಹುದು, 2013ರ ಎಚ್.265 ಅಥವಾ ಎಚ್‌ಇವಿಸಿ ಇರಬಹುದು, 2018ರ ಎವಿ1 ಕೂಡ ಇರಬಹುದು. ಮೀಡಿಯಾಇನ್ಫೊದಲ್ಲಿ ಕೋಡೆಕ್‌ನ ಹೆಸರು, ಬಿಟ್ ಡೆಪ್ತ್ (ಬಣ್ಣದ ಛಾಯೆಗಳ ಸೂಕ್ಷ್ಮತೆ) 8 ಅಥವಾ 10, ಕ್ರೋಮಾ ಸಬ್‌ಸ್ಯಾಂಪ್ಲಿಂಗ್ (ಬಣ್ಣದ ಮಾಹಿತಿ ಎಷ್ಟು ಉಳಿದಿದೆ ಎಂಬುದು) 4:2:0 ಅಥವಾ 4:2:2, ಫ್ರೇಮ್ ರೇಟ್ ಮೋಡ್ (ಸೆಕೆಂಡಿಗೆ ಬರುವ ಚಿತ್ರಗಳ ಸಂಖ್ಯೆ ಸ್ಥಿರವೋ ಅಸ್ಥಿರವೋ ಎಂಬುದು) ಮತ್ತು ಧ್ವನಿಯ ಸ್ವರೂಪ, ಈ ಐದನ್ನು ಗುರುತು ಹಾಕಿಕೊಳ್ಳಬೇಕು. ‘ವಿಎಲ್‌ಸಿ ಪ್ಲೇಯರ್‌ನಲ್ಲಿ ಚೆನ್ನಾಗಿ ಓಡುತ್ತದಲ್ಲ’ ಎಂಬ ವಾದ ಇಲ್ಲಿ ನಡೆಯುವುದಿಲ್ಲ. ವಿಎಲ್‌ಸಿ ತನ್ನ ಡಿಕೋಡರ್‌ಗಳನ್ನು ತಾನೇ ಹೊತ್ತುಕೊಂಡಿರುತ್ತದೆ, ಅದಕ್ಕೆ ಕಡತವನ್ನು ಮುಂದಕ್ಕೆ ಓಡಿಸಿದರೆ ಸಾಕು. ಸಂಕಲನ ತಂತ್ರಾಂಶವಾದರೋ ಕೇಳಿದ ಕ್ಷಣದಲ್ಲಿ ಯಾವ ಫ್ರೇಮ್‌ಗೆ ಬೇಕಾದರೂ ಹೋಗಿ ನಿಲ್ಲಬೇಕು.

ತೊಡಕು ಹೊದಿಕೆಯದ್ದು ಮಾತ್ರವಾಗಿದ್ದರೆ ಪರಿಹಾರ ಸುಲಭ. ಪರದೆಯನ್ನು ದಾಖಲಿಸುವ ಒಬಿಎಸ್ ತಂತ್ರಾಂಶದಲ್ಲಿ ದಾಖಲಿಸಿದ ಪಾಠಗಳು ಹೆಚ್ಚಾಗಿ ಎಂಕೆವಿಯಲ್ಲಿರುತ್ತವೆ, ಆದರೆ ಪ್ರೀಮಿಯರ್ ಎಂಬ ಸಂಕಲನ ತಂತ್ರಾಂಶದ ಅನೇಕ ಆವೃತ್ತಿಗಳು ಅದನ್ನು ಸ್ವೀಕರಿಸುವುದಿಲ್ಲ. ಒಬಿಎಸ್‌ನ ಫೈಲ್ ಮೆನುವಿನಲ್ಲಿರುವ ‘ರೀಮಕ್ಸ್ ರೆಕಾರ್ಡಿಂಗ್ಸ್’ ಅಥವಾ ಶಟರ್ ಎನ್‌ಕೋಡರ್ ಎಂಬ ಪರಿವರ್ತಕ ತಂತ್ರಾಂಶದ ‘ರೀವ್ರ್ಯಾಪ್’ ಬಳಸಿದರೆ ಹೊದಿಕೆ ಮಾತ್ರ ಬದಲಾಗಿ ಒಳಗಿನ ದೃಶ್ಯ ಹಾಗೆಯೇ ಉಳಿಯುತ್ತದೆ. ಗುಣಮಟ್ಟ ಕುಗ್ಗುವುದಿಲ್ಲ, ಸಮಯವೂ ಹೆಚ್ಚು ಹಿಡಿಯುವುದಿಲ್ಲ. ಕಡತದ ಹೆಸರನ್ನಷ್ಟೇ ತಿದ್ದಿ ಎಂಕೆವಿ ಇದ್ದಲ್ಲಿ ಎಂಪಿ4 ಎಂದು ಬರೆದರೆ ಏನೂ ಪ್ರಯೋಜನವಾಗುವುದಿಲ್ಲ.

ಕೋಡೆಕ್ ಹೊಂದದಿದ್ದಾಗ ವಿಷಯ ಸ್ವಲ್ಪ ಜಟಿಲವಾಗುತ್ತದೆ. 2017ರಲ್ಲಿ ಐಒಎಸ್ 11 ಬಂದಂದಿನಿಂದ ಐಫೋನ್ 7 ಮತ್ತು ಅನಂತರದ ಫೋನ್‌ಗಳು ಸಾಮಾನ್ಯವಾಗಿ ಎಚ್‌ಇವಿಸಿಯಲ್ಲಿ ಚಿತ್ರೀಕರಿಸುತ್ತಿವೆ. ವಿಂಡೋಸ್‌ನ ಡಿಕೋಡರನ್ನೇ ನೆಚ್ಚಿಕೊಂಡ ತಂತ್ರಾಂಶಗಳಿಗೆ ಮೈಕ್ರೋಸಾಫ್ಟ್ ಸ್ಟೋರ್‌ನಲ್ಲಿ ಸಿಗುವ ಎಚ್‌ಇವಿಸಿ ವಿಡಿಯೊ ಎಕ್ಸ್‌ಟೆನ್ಶನ್ಸ್ ಬೇಕಾಗುತ್ತದೆ. ಚಿತ್ರೀಕರಣ ಇನ್ನೂ ನಡೆಯಬೇಕಿದ್ದರೆ ಫೋನಿನ ಕ್ಯಾಮೆರಾ ಸೆಟ್ಟಿಂಗ್‌ನ ಫಾರ್ಮ್ಯಾಟ್ಸ್‌ನಲ್ಲಿ ‘ಮೋಸ್ಟ್ ಕಂಪ್ಯಾಟಿಬಲ್’ ಆರಿಸಿಕೊಳ್ಳುವಂತೆ ಹೇಳಿಬಿಡುವುದು ಇನ್ನೂ ಒಳ್ಳೆಯದು. ಲಿನಕ್ಸ್‌ನಲ್ಲಿ ಡಾವಿಂಚಿ ರಿಸಾಲ್ವ್ ಎಂಬ ಸಂಕಲನ ತಂತ್ರಾಂಶದ ಉಚಿತ ಆವೃತ್ತಿ ಬಳಸುವವರು ಎಚ್.264 ಕಡತವೂ ತೆರೆಯದೆ ಕಂಗಾಲಾಗುತ್ತಾರೆ. ಅದು ದೋಷವಲ್ಲ, ಆ ಆವೃತ್ತಿಯ ಮಿತಿ. ಅಲ್ಲಿ ಕಡತಗಳನ್ನು ಸಂಕಲನಕ್ಕೆಂದೇ ಇರುವ ಡಿಎನ್‌ಎಕ್ಸ್‌ಎಚ್‌ಆರ್ ಕೋಡೆಕ್‌ಗೆ, ಧ್ವನಿಯನ್ನು ಅಡಕಗೊಳಿಸದ ಪಿಸಿಎಂಗೆ ಪರಿವರ್ತಿಸಿಕೊಂಡೇ ಕೆಲಸ ಮಾಡಬೇಕು. 10 ಬಿಟ್ 4:2:2 ಕಡತಗಳ ಕಥೆ ಇನ್ನೂ ವಿಚಿತ್ರ. ಎನ್‌ವಿಡಿಯಾದ ಆರ್‌ಟಿಎಕ್ಸ್ 50 ಸರಣಿಗಿಂತ ಹಿಂದಿನ ಕಾರ್ಡ್‌ಗಳಿಗೆ ಈ ಬಗೆಯ ಎಚ್‌ಇವಿಸಿಯನ್ನು ಹಾರ್ಡ್‌ವೇರ್‌ನಲ್ಲಿ ಬಿಡಿಸಲು ಬರುವುದಿಲ್ಲ, ಆದರೆ ಇಂಟೆಲ್‌ನ 11ನೇ ತಲೆಮಾರಿನ ಪ್ರೊಸೆಸರ್‌ಗಳಲ್ಲಿ ಒಳಗೇ ಇರುವ, ವಿಡಿಯೊ ಬಿಡಿಸುವ ಕ್ವಿಕ್ ಸಿಂಕ್‌ಗೆ ಬರುತ್ತದೆ. ದುಬಾರಿ ಗ್ರಾಫಿಕ್ಸ್ ಕಾರ್ಡ್ ಹಾಕಿದ ಗಣಕದಲ್ಲಿ ತಡವರಿಸುವ ತುಣುಕು ಪಕ್ಕದ ಸಾಧಾರಣ ಲ್ಯಾಪ್‌ಟಾಪ್‌ನಲ್ಲಿ ಸರಾಗವಾಗಿ ಓಡುವುದು ಇದೇ ಕಾರಣಕ್ಕೆ.

ಇನ್ನು ತುಟಿ ಮತ್ತು ಧ್ವನಿ ಹೊಂದದಿರುವ ತೊಡಕು. ಇದು ಹೆಚ್ಚು ಸಮಯ ತಿನ್ನುವಂಥದ್ದು, ಏಕೆಂದರೆ ಸಂಕಲನದ ಆರಂಭದಲ್ಲಿ ಇದು ಕಣ್ಣಿಗೆ ಬೀಳುವುದೇ ಇಲ್ಲ. ಫೋನ್‌ಗಳು ಬೆಳಕು ಕಡಿಮೆಯಾದಾಗ ಅಥವಾ ಬಿಸಿಯೇರಿದಾಗ ಸೆಕೆಂಡಿಗೆ ಸೆರೆಹಿಡಿಯುವ ಫ್ರೇಮ್‌ಗಳನ್ನು ಇಳಿಸುತ್ತವೆ. ಮೀಡಿಯಾಇನ್ಫೊ ಇದನ್ನೇ ‘ವೇರಿಯಬಲ್’ ಎಂದು ತೋರಿಸುತ್ತದೆ. ಸಂಕಲನ ತಂತ್ರಾಂಶ ಆ ಏರಿಳಿತವನ್ನು ಗಮನಿಸದೆ ಎಲ್ಲ ಫ್ರೇಮ್‌ಗಳನ್ನೂ 30ರ ಲೆಕ್ಕದಲ್ಲಿ ಜೋಡಿಸುತ್ತದೆ ಎಂದುಕೊಳ್ಳೋಣ. ಹತ್ತು ನಿಮಿಷದ ತುಣುಕಿನಲ್ಲಿ ಸರಾಸರಿ 29.7 ಫ್ರೇಮ್‌ಗಳಿದ್ದರೆ ಒಟ್ಟು 17,820 ಫ್ರೇಮ್‌ಗಳು 594 ಸೆಕೆಂಡಿಗೇ ಮುಗಿದುಹೋಗುತ್ತವೆ, ಧ್ವನಿಯಾದರೋ 600 ಸೆಕೆಂಡ್ ನಡೆಯುತ್ತದೆ. ಮೊದಲ ನಿಮಿಷದಲ್ಲಿ ಸರಿಯಾಗಿದ್ದಂತೆ ಕಂಡದ್ದು ಕೊನೆಯಲ್ಲಿ ಆರು ಸೆಕೆಂಡ್ ದೂರ ಸರಿದಿರುತ್ತದೆ. ಆದ್ದರಿಂದ ತುಣುಕಿನ ಆದಿ ಮತ್ತು ಅಂತ್ಯ ಎರಡನ್ನೂ ನೋಡಬೇಕು. ಅಂತರ ಉದ್ದಕ್ಕೂ ಒಂದೇ ಆಗಿದ್ದರೆ ಧ್ವನಿಯನ್ನು ಸರಿಸಿದರೆ ಮುಗಿಯಿತು. ಹೋಗುತ್ತಾ ಹೋಗುತ್ತಾ ಬೆಳೆದರೆ ಮೊದಲು ಶಂಕಿಸಬೇಕಾದದ್ದು ಫ್ರೇಮ್ ರೇಟನ್ನು.

ಪರಿಹಾರಕ್ಕೆ ಹ್ಯಾಂಡ್‌ಬ್ರೇಕ್ ಎಂಬ ಪರಿವರ್ತಕ ತಂತ್ರಾಂಶ ಸಾಕಾಗುತ್ತದೆ. ಅದರ ವಿಡಿಯೊ ವಿಭಾಗದಲ್ಲಿ ಫ್ರೇಮ್ ರೇಟ್ 30 ಎಂದು ಆರಿಸಿ, ಕೆಳಗೆ ‘ಕಾನ್‌ಸ್ಟಂಟ್’ ಎಂಬುದನ್ನು ಗುರುತಿಸಿ, ಗುಣಮಟ್ಟದ ಆರ್‌ಎಫ್ ಸಂಖ್ಯೆಯನ್ನು 16ರಿಂದ 18ರೊಳಗೆ ಇಡಬೇಕು. ಸಂಖ್ಯೆ ಕಡಿಮೆಯಾದಷ್ಟೂ ಗುಣಮಟ್ಟ ಹೆಚ್ಚು, ಕಡತವೂ ದೊಡ್ಡದು. ಕೆಡೆನ್‌ಲೈವ್ ಮತ್ತು ಶಾಟ್‌ಕಟ್ ಎಂಬ ಸಂಕಲನ ತಂತ್ರಾಂಶಗಳು ಇಂಥ ಕಡತ ಬಂದಾಗ ತಾವೇ ಎಚ್ಚರಿಸಿ ಪರಿವರ್ತಿಸಲೇ ಎಂದು ಕೇಳುತ್ತವೆ. ಆ ಸೂಚನೆಯನ್ನು ಮುಚ್ಚಿ ಮುಂದೆ ಹೋಗಬಾರದು. ಪರಿವರ್ತನೆಯನ್ನು ಕತ್ತರಿಸುವ ಮೊದಲೇ ಮಾಡಿಕೊಳ್ಳಬೇಕು, ಅರ್ಧ ಸಂಕಲನವಾದ ಮೇಲೆ ಕಡತ ಬದಲಿಸಿದರೆ ಹಾಕಿದ ಕಟ್‌ಗಳೆಲ್ಲ ಜಾಗ ತಪ್ಪುತ್ತವೆ. ಮೂಲ ಕಡತವನ್ನು ಮಾತ್ರ ಅಳಿಸಬಾರದು. ನೆಂಟರಿಂದ ತುಣುಕು ತರಿಸಿಕೊಳ್ಳುವಾಗ ವಾಟ್ಸಾಪ್‌ನಲ್ಲಿ ‘ಡಾಕ್ಯುಮೆಂಟ್’ ಆಗಿ ಕಳುಹಿಸಲು ಹೇಳಬೇಕು. ವಿಡಿಯೊ ಆಗಿ ಕಳುಹಿಸಿದರೆ ಅದು ಇನ್ನೊಮ್ಮೆ ಅಡಕಗೊಂಡು ಬರುತ್ತದೆ.

ಕಡತ ತೆರೆಯುತ್ತದೆ, ಧ್ವನಿಯೂ ಸರಿಯಿದೆ, ಆದರೆ ತಡವರಿಸುತ್ತದೆ ಎಂದಾದರೆ ಎಚ್.264 ಮತ್ತು ಎಚ್‌ಇವಿಸಿಯ ರಚನೆಯೇ ಕಾರಣವಿರಬಹುದು. ಇವುಗಳಲ್ಲಿ ಹೆಚ್ಚಿನ ಫ್ರೇಮ್‌ಗಳು ಪೂರ್ಣ ಚಿತ್ರವಾಗಿರದೆ ಅಕ್ಕಪಕ್ಕದ ಫ್ರೇಮ್‌ಗಳಿಗಿಂತ ಏನು ಬದಲಾಗಿದೆ ಎಂಬುದನ್ನಷ್ಟೇ ಹೇಳುತ್ತವೆ, ಹಾಗಾಗಿ ಒಂದು ಫ್ರೇಮ್ ತೋರಿಸಲು ಗಣಕ ಹಲವನ್ನು ಬಿಡಿಸಬೇಕಾಗುತ್ತದೆ. ಪ್ರೋರೆಸ್, ಡಿಎನ್‌ಎಕ್ಸ್‌ಎಚ್‌ಆರ್‌ನಂಥ ಸಂಕಲನದ ಕೋಡೆಕ್‌ಗಳಲ್ಲಿ ಪ್ರತಿ ಫ್ರೇಮೂ ಸ್ವತಂತ್ರ. ಅದಕ್ಕೆ ತೆರುವ ಬೆಲೆ ಡಿಸ್ಕ್‌ನ ಜಾಗ. ಸೆಕೆಂಡಿಗೆ 29.97 ಫ್ರೇಮ್‌ಗಳ 1080ಪಿ ದೃಶ್ಯ ಪ್ರೋರೆಸ್ 422ರಲ್ಲಿ ಗಂಟೆಗೆ ಸುಮಾರು 66 ಜಿಬಿ, ಅದರ ಹಗುರ ಬಗೆಯಾದ ಪ್ರೋರೆಸ್ ಪ್ರಾಕ್ಸಿಯಲ್ಲಿ ಸುಮಾರು 20 ಜಿಬಿ ಹಿಡಿಯುತ್ತದೆ. ಸಾಮಾನ್ಯ ಲ್ಯಾಪ್‌ಟಾಪ್ ಇರುವವರು ಎಲ್ಲವನ್ನೂ ಪರಿವರ್ತಿಸುವ ಬದಲು ತಂತ್ರಾಂಶದೊಳಗಿನ ಪ್ರಾಕ್ಸಿ ಸೌಲಭ್ಯವನ್ನೇ, ಅಂದರೆ ಸಂಕಲನದ ಹೊತ್ತಿಗೆ ಮೂಲದ ಬದಲು ಹಗುರ ಪ್ರತಿಯನ್ನು, ಬಳಸುವುದು ಜಾಣತನ. ಕೊನೆಗೆ ಎಕ್ಸ್‌ಪೋರ್ಟ್ ಮಾಡುವಾಗ ಪ್ರಾಕ್ಸಿಯ ಬದಲು ಮೂಲ ಕಡತ ಬಳಕೆಯಾಗುತ್ತಿದೆಯೇ ಎಂದು ನೋಡಿಕೊಂಡರಾಯಿತು.

ಐಫೋನ್ 12 ಮತ್ತು ಅನಂತರದ ಫೋನ್‌ಗಳ ದೃಶ್ಯ ಅತಿಯಾಗಿ ಬೆಳ್ಳಗೆ ಕಂಡರೆ ಅದು ಎಚ್‌ಡಿಆರ್, ಅಂದರೆ ಬೆಳಕು-ನೆರಳಿನ ವ್ಯಾಪ್ತಿ ಹೆಚ್ಚಿರುವ ದೃಶ್ಯ. ಸಂಕಲನ ತಂತ್ರಾಂಶದ ಕಲರ್ ಮ್ಯಾನೇಜ್‌ಮೆಂಟ್‌ನಲ್ಲಿ, ಆ ವ್ಯಾಪ್ತಿಯನ್ನು ಸಾಮಾನ್ಯ ಪರದೆಗೆ ಹೊಂದಿಸುವ ಟೋನ್ ಮ್ಯಾಪಿಂಗ್ ಹಾಕಬೇಕು. ಚಿತ್ರೀಕರಣದ ನಡುವೆ ಬ್ಯಾಟರಿ ಮುಗಿದು ಎಂಪಿ4 ಕಡತ ತೆರೆಯದೇ ಹೋದರೆ ಆ ಕಾರ್ಡ್‌ನಲ್ಲಿ ಮತ್ತೇನನ್ನೂ ಚಿತ್ರೀಕರಿಸಬಾರದು. ಕಡತದ ಸೂಚಿ ಕೊನೆಯಲ್ಲಿ ಬರೆಯಲ್ಪಡುವುದರಿಂದ ಅದೊಂದೇ ತಪ್ಪಿಹೋಗಿರುವ ಸಾಧ್ಯತೆ ಇದೆ. ಅದೇ ಕ್ಯಾಮೆರಾದಲ್ಲಿ ಅದೇ ಸೆಟ್ಟಿಂಗ್‌ನಲ್ಲಿ ತೆಗೆದ ಇನ್ನೊಂದು ಸರಿಯಾದ ಕಡತವನ್ನು ಮಾದರಿಯಾಗಿ ಕೊಟ್ಟರೆ ಅನ್‌ಟ್ರಂಕ್ ಎಂಬ ಸಾಧನ ಅನೇಕ ಸಲ ದೃಶ್ಯವನ್ನು ಮರಳಿ ತರುತ್ತದೆ.

ಕಡತದಲ್ಲಿ ದೋಷ ಕಾಣದಿದ್ದಾಗ ಮಾತ್ರ ತಂತ್ರಾಂಶದ ಕಡೆಗೆ ತಿರುಗಬೇಕು. ಹೊಸ ಪ್ರಾಜೆಕ್ಟ್‌ನಲ್ಲಿ ಅದೇ ತುಣುಕನ್ನು ಒಂಟಿಯಾಗಿ ಹಾಕಿ ನೋಡಿ, ಅಲ್ಲಿ ಸರಿಯಾಗಿ ಓಡಿದರೆ ಹಳೆಯ ಪ್ರಾಜೆಕ್ಟ್‌ನ ಮೀಡಿಯಾ ಕ್ಯಾಶ್ (ತಂತ್ರಾಂಶ ತಾನೇ ಮಾಡಿಟ್ಟುಕೊಂಡ ತಾತ್ಕಾಲಿಕ ಕಡತಗಳು) ಅಳಿಸಬೇಕು. ಅಲ್ಲಿಯೂ ಹಸಿರು ಪಟ್ಟೆ ಅಥವಾ ಕಪ್ಪು ಪರದೆ ಬಂದರೆ ಹಾರ್ಡ್‌ವೇರ್ ಡಿಕೋಡಿಂಗನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕು. ಅದರಿಂದ ಸರಿಹೋದರೆ ಗ್ರಾಫಿಕ್ಸ್ ಡ್ರೈವರ್ ನವೀಕರಿಸುವುದೇ ಮದ್ದು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡದಿದ್ದರೆ ಯಾವುದರಿಂದ ಗುಣವಾಯಿತೆಂದು ತಿಳಿಯುವುದಿಲ್ಲ.

ಹೊರಗೆ ಕೊಡುವ ಕಡತಕ್ಕೆ ಎಂಪಿ4 ಹೊದಿಕೆ, 8 ಬಿಟ್ 4:2:0 ಎಚ್.264, 48 ಕಿಲೋಹರ್ಟ್ಸ್‌ನ ಎಎಸಿ ಧ್ವನಿ ಎಲ್ಲೆಡೆ ನಡೆಯುವ ಆಯ್ಕೆ. 30 ಫ್ರೇಮ್‌ವರೆಗಿನ 1080ಪಿಗೆ ಯೂಟ್ಯೂಬ್ ಸೂಚಿಸುವ ಬಿಟ್‌ರೇಟ್ 8 ಎಂಬಿಪಿಎಸ್, 60 ಫ್ರೇಮ್‌ಗೆ 12. ಗಿರಾಕಿ ಪೆನ್‌ಡ್ರೈವ್‌ನಲ್ಲಿ ಕೇಳಿದರೆ, ಅದನ್ನು ಎಫ್‌ಎಟಿ32 ಎಂಬ ಹಳೆಯ ಕಡತ ವ್ಯವಸ್ಥೆಯಲ್ಲಿ ಫಾರ್ಮ್ಯಾಟ್ ಮಾಡಿದ್ದಲ್ಲಿ 4 ಜಿಬಿಗಿಂತ ದೊಡ್ಡ ಕಡತ ಹಿಡಿಸುವುದಿಲ್ಲ. ಅವರ ಮನೆಯ ಹಳೆಯ ಟಿವಿ ಆ ಮಿತಿಯಿಲ್ಲದ ಎಕ್ಸ್‌ಫ್ಯಾಟ್ ಓದದಿರುವ ಸಂಭವವೂ ಇರುವುದರಿಂದ ಮುಹೂರ್ತ, ಆರತಕ್ಷತೆ ಎಂದು ವಿಡಿಯೊವನ್ನು ಭಾಗ ಮಾಡಿ ಕೊಡುವುದು ಕ್ಷೇಮ.