ಜೈಲಿಗೆ ಹೋದವನ ಹಾಡು ಇನ್ನೂ ಇಷ್ಟವಾದರೆ ಏನು ಮಾಡಬೇಕು?

ಅಡಿಕೆ ಸುಲಿಯುವ ಕಾಲದಲ್ಲಿ ನಮ್ಮನೆ ಜಗಲಿಯಲ್ಲಿ ತಡರಾತ್ರಿವರೆಗೂ ಟೇಪ್ ರೆಕಾರ್ಡರ್ ಹಾಡುತ್ತಿತ್ತು. ಶಿವಮೊಗ್ಗದಲ್ಲಿ ಓದುತ್ತಿದ್ದ ಅಣ್ಣ ತಂದ ಒಂದು ಕ್ಯಾಸೆಟ್ಟಿನಲ್ಲಿ ಅಮೆರಿಕದ ಗಾಯಕ ಆರ್. ಕೆಲ್ಲಿಯ ‘ಐ ಬಿಲೀವ್ ಐ ಕ್ಯಾನ್ ಫ್ಲೈ’ ಇತ್ತು. 1996ರ ಹಾಡು. ಇಂಗ್ಲಿಷ್ ಅರ್ಧ ಅರ್ಥವಾಗದಿದ್ದರೂ, ಆ ದನಿ ಮೇಲಕ್ಕೆ ಏರುವಾಗ ಮೆಟ್ಟುಗತ್ತಿ ಮುಂದೆ ಕೂತವರ ಕೈ ಒಂದು ಗಳಿಗೆ ನಿಲ್ಲುತ್ತಿತ್ತು. 2022ರಲ್ಲಿ ಅದೇ ಗಾಯಕನಿಗೆ, ಹೆಣ್ಣುಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದ ಕೇಸಿನಲ್ಲಿ, ನ್ಯೂಯಾರ್ಕಿನಲ್ಲಿ 30 ವರ್ಷ ಜೈಲುಶಿಕ್ಷೆಯಾಯಿತು. ಸುದ್ದಿ ಓದಿ ಹೊಟ್ಟೆ ಕಿವುಚಿದ ಹಾಗಾಯಿತು.

ನಿಮಗೂ ಹೀಗಾಗಿದ್ದರೆ, ಮೊದಲು ಸುಮ್ನೆ ಇರಿ. ತಕ್ಷಣ ಡಿಲೀಟ್ ಮಾಡಬೇಡಿ, ತಕ್ಷಣ ವಾದಕ್ಕೂ ಇಳಿಯಬೇಡಿ. ಕೋರ್ಟಿನಲ್ಲಿ ಏನು ಸಾಬೀತಾಯಿತು ಅಂತ ಓದಿ. ಆರೋಪ ಬೇರೆ, ಅಪರಾಧ ಸಾಬೀತಾಗುವುದು ಬೇರೆ. ಆದರೆ ಖುಲಾಸೆ ಆದ ಮಾತ್ರಕ್ಕೆ ಎಲ್ಲ ಸುಳ್ಳು ಅಂತಲೂ ಅಲ್ಲ. ಇಂಥದ್ದೇ ಇನ್ನೊಂದು ಕೇಸಿನಲ್ಲಿ ಕೆಲ್ಲಿ 2008ರಲ್ಲಿ ಷಿಕಾಗೋದಲ್ಲಿ ಖುಲಾಸೆಯಾದ. ದೌರ್ಜನ್ಯಕ್ಕೆ ಒಳಗಾಗಿಯೂ ಆಗ ಸಾಕ್ಷಿ ಹೇಳದ ಹುಡುಗಿ 2022ರಲ್ಲಿ ಅದೇ ಊರಿನ ಕೋರ್ಟಿಗೆ ಬಂದು ತನ್ನ ಬಾಯಿಂದಲೇ ಹೇಳಿದಳು, ಅವನು ಅಲ್ಲೂ ಅಪರಾಧಿ ಅಂತ ತೀರ್ಪಾಯಿತು. ಅಭಿಮಾನಿಗಳ ಜಗಳ ಓದುವ ಬದಲು ಇಂಥವರು ಹೇಳಿದ್ದನ್ನು ಓದಿ. ಕಷ್ಟವಾಗುತ್ತದೆ, ಆದರೂ ಓದಿ.

ಆಮೇಲೆ ದುಡ್ಡಿನ ಲೆಕ್ಕ. ಮೊಬೈಲಿನಲ್ಲಿ ಹಾಡು ಹಾಕಿದಾಗೆಲ್ಲ ಹಕ್ಕುದಾರರಿಗೆ ಚೂರುಪಾರು ಹೋಗುತ್ತದೆ. ಮನೆಯಲ್ಲಿರುವ ಹಳೇ ಕ್ಯಾಸೆಟ್ಟಿನಿಂದ ಏನೂ ಹೋಗುವುದಿಲ್ಲ.

ಇದಕ್ಕಿಂತ ಮುಖ್ಯವಾದದ್ದು, ಆ ಹಾಡನ್ನು ಯಾರ್ಯಾರು ಸೇರಿ ಮಾಡಿದರು ಅನ್ನುವುದು. 1963ರ ಇಂಗ್ಲಿಷ್ ಹಾಡು ‘ಬಿ ಮೈ ಬೇಬಿ’ ತಗೊಳ್ಳಿ. ಅದರ ನಿರ್ಮಾಪಕ ಫಿಲ್ ಸ್ಪೆಕ್ಟರ್ 2003ರಲ್ಲಿ ಲಾನಾ ಕ್ಲಾರ್ಕ್‌ಸನ್ ಎಂಬ ನಟಿಯನ್ನು ಕೊಂದ, 2009ರಲ್ಲಿ ಅಪರಾಧ ಸಾಬೀತಾಯಿತು, ಜೈಲುಶಿಕ್ಷೆ ಮುಗಿಯುವ ಮೊದಲೇ 2021ರಲ್ಲಿ ಸತ್ತ. ಆದರೆ ಆ ಹಾಡಿನ ದನಿ ರಾನಿ ಎಂಬ ಗಾಯಕಿಯದು. ಅವನನ್ನು ಮದುವೆಯಾಗಿ, ಮನೆಯೊಳಗೆ ಕೈದಿಯ ಹಾಗೆ ಬದುಕಿ, ಕೊನೆಗೆ ತಪ್ಪಿಸಿಕೊಂಡು ಬಂದೆ ಅಂತ ಆಮೇಲೆ ಹೇಳಿದವಳು. ಅವನ ಮೇಲಿನ ಸಿಟ್ಟಿಗೆ ಅವಳ ದನಿಯನ್ನೂ ಆಚೆ ಹಾಕುವುದಾ? ನಾನಂತೂ ಹಾಕುವುದಿಲ್ಲ. ಕೆಲ್ಲಿಯ ಹಾಡಿಗೆ ಈ ದಾರಿ ಇಲ್ಲ. ಬರೆದದ್ದು, ಮಾಡಿದ್ದು, ಹಾಡಿದ್ದು ಮೂರೂ ಅವನೇ. ‘ಕಲೆ ಬೇರೆ, ಕಲಾವಿದ ಬೇರೆ’ ಅಂತ ಒಂದೇ ಮಾತಿನಲ್ಲಿ ಮುಗಿಸಲು ನನಗೆ ಆಗಲಿಲ್ಲ.

ಒಬ್ಬರೇ ಕೂತು ಕೇಳುವುದು ನಿಮಗೆ ಬಿಟ್ಟದ್ದು. ನಾಲ್ಕು ಜನರ ನಡುವೆ ಮಾತ್ರ ಹಾಕಬೇಡಿ, ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಶಾಲೆಯ ಕಾರ್ಯಕ್ರಮದಲ್ಲಿ. ಅಲ್ಲಿ ಕೂತವರಲ್ಲಿ ಯಾರು ಏನು ಅನುಭವಿಸಿದ್ದಾರೆ ಅಂತ ನಮಗೆ ಗೊತ್ತಿರುವುದಿಲ್ಲ ಅಲ್ವಾ? ಅಣ್ಣನ ಮಗಳ ಶಾಲೆಯ ವಾರ್ಷಿಕೋತ್ಸವಕ್ಕೆ ಇದೇ ಹಾಡು ಆರಿಸಿದ್ದರು. ಟೀಚರ್ ಹತ್ತಿರ ಹೋಗಿ ಮೆಲ್ಲಗೆ ವಿಷಯ ಹೇಳಿದೆ, ಅವರು ಅವತ್ತೇ ಬೇರೆ ಹಾಡು ಇಟ್ಟರು. ಜಗಳ ಬೇಕಾಗಲಿಲ್ಲ.

ಮನೆಗೆ ಬಂದ ಮೇಲೆ ಅವಳು ಕೇಳಿದಳು, ‘ಚಿಕ್ಕಪ್ಪ, ಆ ಹಾಡು ನಿಂಗೆ ಈಗ್ಲೂ ಇಷ್ಟನಾ?’

ಹೌದು ಅಂದೆ. ಆಮೇಲೆ ಜಗಲಿಯಲ್ಲಿ ಪಕ್ಕಕ್ಕೆ ಕೂರಿಸಿಕೊಂಡು, ಅವನು ಮಾಡಿದ್ದೇನು ಅಂತ ಅವಳ ವಯಸ್ಸಿಗೆ ತಕ್ಕಷ್ಟು ಬಿಡಿಸಿ ಹೇಳಿದೆ.