ಹಳೆಯ ಮನೆಯಲ್ಲಿ ಆಧಾರ ಕುಸಿದ ಕಿಟಕಿಯನ್ನು ಬದಲಿಸುವ ಬಗೆ

ಮಣ್ಣಿನ ಗಾರೆಯಲ್ಲಿ ಇಟ್ಟಿಗೆ ಕಟ್ಟಿ ಮಂಗಳೂರು ಹೆಂಚು ಹೊದಿಸಿದ ಹಳೇ ಮೈಸೂರು ಸೀಮೆಯ ಅನೇಕ ಮನೆಗಳಲ್ಲಿ ಕಿಟಕಿಯ ಮೇಲೆ ಕಾಂಕ್ರೀಟಿನ ಲಿಂಟಲ್, ಅಂದರೆ ಮೇಲಿನ ಗೋಡೆಯನ್ನು ಹೊರುವ ಅಡ್ಡತೊಲೆ, ಇರುವುದಿಲ್ಲ. ಕೆಲವು ಕಡೆ ಚಪ್ಪಡಿ ಕಲ್ಲು ಹಾಸಿರುತ್ತಾರೆ, ಕೆಲವು ಕಡೆ ಮರದ ಹಲಗೆಗಳನ್ನು ಅಡ್ಡ ಇಟ್ಟಿರುತ್ತಾರೆ. ಹಲಗೆಗೆ ಗೆದ್ದಲು ಹಿಡಿದ ಮೇಲೆ ಗೋಡೆಯ ಭಾರ ಚೌಕಟ್ಟಿನ ತಲೆಯ ಮೇಲೆ ಬಂದು ಕೂರುತ್ತದೆ. ಇಂಥ ಕಿಟಕಿಯನ್ನು ಬದಲಿಸುವುದು ಬಡಗಿಯ ಕೆಲಸವಾಗುವ ಮೊದಲು ಗಾರೆ ಮೇಸ್ತ್ರಿಯ ಕೆಲಸ. ಅರ್ಧ ದಿನದಲ್ಲಿ ಯುಪಿವಿಸಿ (ಗಟ್ಟಿ ಪ್ಲಾಸ್ಟಿಕ್) ಕಿಟಕಿ ಕೂರಿಸಿಕೊಡುತ್ತೇವೆ ಎನ್ನುವವರು ಸಾಮಾನ್ಯವಾಗಿ ಅಗಲ ಎತ್ತರಗಳನ್ನು ಅಳೆದುಕೊಂಡು ಹೋಗುತ್ತಾರೆಯೇ ಹೊರತು ತಲೆಯೆತ್ತಿ ಮೇಲಿನ ಗೋಡೆಯನ್ನು ನೋಡುವುದಿಲ್ಲ.

ಭಾರ ಎಲ್ಲಿ ಕೂತಿದೆ ಎಂಬುದನ್ನು ಮೊದಲು ಪರೀಕ್ಷಿಸಬೇಕು. ಚೌಕಟ್ಟಿನ ಮೇಲ್ಮರದ ಅಡಿಗೆ ತುದಿಯಿಂದ ತುದಿಗೆ ದಾರ ಎಳೆದು ಹಿಡಿದಾಗ ಮರದ ನಡುಭಾಗ ದಾರವನ್ನು ಕೆಳಕ್ಕೆ ಒತ್ತಿದರೆ ಅದು ಬಾಗಿದೆ ಎಂದರ್ಥ. ಮಳೆಗಾಲದಲ್ಲಷ್ಟೇ ಬಿಗಿಯುವ ಕದಕ್ಕೆ ತೇವದಿಂದ ಮರ ಉಬ್ಬಿರುವುದು ಕಾರಣವಾಗಿರಬಹುದು. ಏಪ್ರಿಲ್ ಬಿಸಿಲಿನಲ್ಲೂ ಕದದ ಮೇಲಂಚು ಚೌಕಟ್ಟಿಗೆ ಉಜ್ಜುತ್ತಿದ್ದರೆ ಅನುಮಾನ ಪಡಬೇಕು. ಕಿಟಕಿಯ ಮೂಲೆಯಿಂದ ಇಟ್ಟಿಗೆಯ ಸಂದಿ ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಏರುವ ಬಿರುಕು ಇದ್ದರೆ, ಅದರ ಮೇಲೆ ಅಡ್ಡಲಾಗಿ ತೆಳುವಾದ ಗಾಜಿನ ಪಟ್ಟಿಯೊಂದನ್ನು ಎರಡೂ ತುದಿಗಳಲ್ಲಿ ಗಾರೆಯಿಂದ ಅಂಟಿಸಿ ಕೆಲವು ವಾರ ಬಿಡಿ. ಗಾಜು ಸೀಳಿದರೆ ಗೋಡೆ ಇನ್ನೂ ಸರಿಯುತ್ತಿದೆ. ಹಾಗೆ ಸರಿಯುತ್ತಿದ್ದರೆ, ಮಾಡಿನ ತೊಲೆಯ ತುದಿ ಕಿಟಕಿಯ ನೇರಕ್ಕೇ ಗೋಡೆಯ ಮೇಲೆ ಕೂತಿದ್ದರೆ, ಮೇಲೆ ಮಹಡಿಯಿದ್ದರೆ, ಅಥವಾ ಗೋಡೆ ತೂಗುಗುಂಡಿಗೆ ಹೊಂದದೆ ಹೊಟ್ಟೆ ಬಿಟ್ಟಿದ್ದರೆ, ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರಿಗೆ ತೋರಿಸದೆ ಮುಂದುವರಿಯಬಾರದು.

ಗಟ್ಟಿ ಗೋಡೆಯಲ್ಲಿ ಇಟ್ಟಿಗೆಗಳು ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಕಿಟಕಿಯ ಮೇಲಿನ ತ್ರಿಕೋನದಷ್ಟು ಭಾಗ ಮಾತ್ರ ಕೆಳಕ್ಕೆ ಒತ್ತುತ್ತದೆ. ಉಳಿದ ಭಾರ ಎರಡೂ ಪಕ್ಕಕ್ಕೆ ಹರಿದುಹೋಗುತ್ತದೆ. ಮಣ್ಣಿನ ಗಾರೆ ಪುಡಿಯಾಗಿ ಉದುರುತ್ತಿರುವ ಗೋಡೆಯಲ್ಲಿ ಈ ಹೆಣಿಗೆಯನ್ನು ನೆಚ್ಚಿಕೊಳ್ಳಬಾರದು. ಒದ್ದೆಯಾದ ಮಣ್ಣಿನ ಗಾರೆಗೆ ಬಲ ಇನ್ನೂ ಕಡಿಮೆ. ಆದ್ದರಿಂದ ಗೋಡೆ ಒಣಗಿರುವ ಜನವರಿಯಿಂದ ಏಪ್ರಿಲ್‌ವರೆಗಿನ ಅವಧಿಯೇ ಈ ಕೆಲಸಕ್ಕೆ ತಕ್ಕದ್ದು.

ಹೊಸ ಲಿಂಟಲನ್ನು ಅಂಗಳದಲ್ಲೇ ಅಚ್ಚು ಹಾಕಿ, ನೀರುಣಿಸಿ, ಸಾಧ್ಯವಾದರೆ 28 ದಿನ ಬಿಟ್ಟು ಎತ್ತುವುದು ಒಳ್ಳೆಯದು. ನಾಲ್ಕು ಅಡಿ ಅಗಲದ ಕಿಟಕಿಗೆ ಐದೂವರೆ ಅಡಿ ಉದ್ದದ ಲಿಂಟಲ್ ಬೇಕು. ಆಗ ಎರಡೂ ಕಡೆ ಒಂಬತ್ತು ಇಂಚು ಗೋಡೆಯ ಮೇಲೆ ಕೂರುತ್ತದೆ. ಗಟ್ಟಿ ಗೋಡೆಗೆ ಆರು ಇಂಚು ಸಾಕು, ಮಣ್ಣಿನ ಗಾರೆಗೆ ಸಾಲದು. ಮುಖ್ಯ ಕಂಬಿಗಳು ಕೆಳಭಾಗದಲ್ಲಿ ಬರುವುದರಿಂದ, ಅಚ್ಚು ಬಿಚ್ಚಿದ ಕೂಡಲೇ ಮೇಲ್ಮೈಯ ಮೇಲೆ ಬಣ್ಣದಲ್ಲಿ ‘ಮೇಲೆ’ ಎಂದು ದೊಡ್ಡದಾಗಿ ಬರೆದುಬಿಡಿ. ತಲೆಕೆಳಗಾಗಿ ಕೂತ ಲಿಂಟಲ್ ನೋಡಲು ಸರಿಯಾಗಿಯೇ ಕಾಣುತ್ತದೆ, ಹೊರುವುದು ಮಾತ್ರ ಇಲ್ಲ. ಒಂಬತ್ತು ಇಂಚು ಅಗಲ, ಆರು ಇಂಚು ದಪ್ಪದ ಇಂಥದೊಂದು ಸುಮಾರು 145 ಕಿಲೋ ತೂಗುತ್ತದೆ. ನಾಲ್ಕು ಆಳಾದರೂ ಬೇಕು.

ಹಳೆಯ ಚೌಕಟ್ಟನ್ನು ಕೀಳುವುದು ಕೊನೆಗೆ. ಅದು ಈಗಲೂ ಒಂದಿಷ್ಟು ಭಾರ ಹೊತ್ತಿದೆ. ಅದರ ಕಂಡಿಯೊಳಗೆ ಗಟ್ಟಿ ಕಂಬಗಳನ್ನು ನಿಲ್ಲಿಸಿ, ಬುಡಕ್ಕೆ ಅಗಲ ಹಲಗೆ ಕೊಟ್ಟು, ಬೆಣೆ ಹೊಡೆದು ಬಿಗಿ ಮಾಡಿ; ಕೋಣೆಯೊಳಗೆ ಮಾಡಿನ ಮರಗಳಿಗೂ ಜಾಕಿ ಕೊಡಿ. ಗೋಡೆ ಹದಿನೆಂಟು ಇಂಚು ದಪ್ಪವಿದ್ದರೆ ಒಂದು ಅನುಕೂಲವಿದೆ: ಅರ್ಧರ್ಧವಾಗಿ ಕೆಲಸ ಮಾಡಬಹುದು. ಹೊರಗಿನ ಅರ್ಧದಲ್ಲಿ ಮಾತ್ರ ಹಳೆಯ ಹಲಗೆಯನ್ನೂ ಅದರ ಮೇಲಿನ ಸಡಿಲ ಇಟ್ಟಿಗೆಗಳನ್ನೂ ತೆಗೆದು, ಲಿಂಟಲಿನ ತುದಿಗಳು ಕೂರುವಲ್ಲಿ ಎರಡು ವರಸೆ ಹೊಸ ಇಟ್ಟಿಗೆ ಕಟ್ಟಿ, ಅದು ಗಟ್ಟಿಯಾದ ಮೇಲೆ ಮೊದಲನೆಯ ಲಿಂಟಲ್ ಕೂರಿಸಬೇಕು. ಅದರ ನೆತ್ತಿಗೂ ಮೇಲಿನ ಗೋಡೆಗೂ ನಡುವೆ ಒಂದಿಂಚಿನ ಸಂದಿ ಉಳಿಯುತ್ತದೆ. ಇಲ್ಲಿ ಅವಸರ ಸಲ್ಲದು. ನೀರಾದ ಗಾರೆ ಒಣಗಿ ಕುಗ್ಗಿದರೆ ಗೋಡೆ ಅಷ್ಟೂ ಇಳಿಯುತ್ತದೆ; ಮುಷ್ಟಿಯಲ್ಲಿ ಹಿಸುಕಿದರೆ ಉಂಡೆಯಾಗಿ ನಿಲ್ಲುವಷ್ಟೇ ನೀರು ಹಾಕಿ ಕಲಸಿದ 1:3 ಗಾರೆಯನ್ನು (ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಮರಳು) ಕಲ್ಲಿನ ಚಕ್ಕೆಗಳೊಂದಿಗೆ ಸ್ವಲ್ಪ ಸ್ವಲ್ಪವಾಗಿ ತುರುಕಿ, ಮರದ ತುಂಡಿನಿಂದ ಕುಟ್ಟಬೇಕು. ಒಂದು ವಾರ ಬಿಟ್ಟು ಒಳಗಿನ ಅರ್ಧವನ್ನು ಹೀಗೆಯೇ ಮಾಡಬೇಕು. ಒಂಬತ್ತು ಇಂಚಿನ ಗೋಡೆಗೆ ಈ ವಿಧಾನ ಒಗ್ಗದು. ಅಲ್ಲಿ ಗೋಡೆಯನ್ನು ತೂರಿಸಿ ಅಡ್ಡತೊಲೆಗಳನ್ನು ಇಟ್ಟು ಎರಡೂ ಕಡೆ ಜಾಕಿ ಕೊಡಬೇಕಾಗುವುದರಿಂದ, ಹಿಂದೆ ಅದನ್ನು ಮಾಡಿದ ಮೇಸ್ತ್ರಿಯೇ ಬೇಕು.

ಎರಡನೆಯ ಲಿಂಟಲಿಗೂ ಒಂದು ವಾರವಾದ ಮೇಲೆ ಕಂಬಗಳನ್ನು ಒಂದೊಂದಾಗಿ ಸಡಿಲಿಸಿ, ಹಳೆಯ ಚೌಕಟ್ಟನ್ನು ನಡುವೆ ಗರಗಸದಿಂದ ಕೊಯ್ದು ತುಂಡುತುಂಡಾಗಿ ತೆಗೆಯಿರಿ. ಇಡಿಯಾಗಿ ಎಳೆದರೆ ಪಕ್ಕದ ಇಟ್ಟಿಗೆಗಳೂ ಬರುತ್ತವೆ. ಹೊಸ ಚೌಕಟ್ಟು ಮರದ್ದಾದರೆ ಗೋಡೆಗೆ ತಾಗುವ ಮುಖಗಳಿಗೆ ಮೊದಲೇ ಗೆದ್ದಲು ನಿರೋಧಕ ಬಳಿದು, ಹೋಲ್ಡ್‌ಫಾಸ್ಟ್‌ಗಳಿಂದ (ಚೌಕಟ್ಟನ್ನು ಗೋಡೆಗೆ ಹಿಡಿದಿಡುವ ಕಬ್ಬಿಣದ ಪಟ್ಟಿಗಳು) ಪಕ್ಕದ ಗೋಡೆಗೆ ಬಿಗಿಯಬೇಕು. ಅದರ ತಲೆಗೂ ಲಿಂಟಲಿಗೂ ನಡುವೆ ಅರ್ಧ ಇಂಚು ಬಿಡುವು ಇರಲಿ, ಅದಕ್ಕೆ ಗಟ್ಟಿ ಗಾರೆ ತುಂಬದೆ ರಬ್ಬರಿನಂತೆ ಮೆತ್ತಗೆ ಉಳಿಯುವ ಸೀಲೆಂಟ್ ತುಂಬಿ. ಸುತ್ತಲಿನ ಪ್ಲಾಸ್ಟರಿಗೆ ಸಿಮೆಂಟಿಗಿಂತ ಸುಣ್ಣದ ಗಾರೆ ಮೇಲು, ಏಕೆಂದರೆ ಸಿಮೆಂಟಿನ ಲೇಪ ಮಣ್ಣಿನ ಗೋಡೆಯ ತೇವವನ್ನು ಒಳಗೇ ಹಿಡಿದಿಟ್ಟು ಕೊನೆಗೆ ಹಪ್ಪಳದಂತೆ ಎದ್ದು ಬರುತ್ತದೆ. ಕಿಟಕಿಯ ಹೊರ ಅಡಿಗಟ್ಟನ್ನು ಹೊರಕ್ಕೆ ಇಳಿಜಾರಾಗಿ ಮಾಡಿ, ಗೋಡೆಯಿಂದ ಎರಡು ಇಂಚು ಮುಂದಕ್ಕೆ ಚಾಚಿಸಿದರೆ ಮಳೆನೀರು ಗೋಡೆಗೆ ಇಳಿಯದೆ ಹೊರಗೆ ಬೀಳುತ್ತದೆ.