ಮೆತ್ತಿನ ಮೇಲೆ ಪರದೆ ಕಟ್ಟುವ ಮುಂಚೆ

ನಮ್ಮದು ಶಿರಸಿ ಕಡೆಯ ಹಳೇ ಮನೆ. ಕೆಳಗೆ ಜಗುಲಿ, ಮೇಲೆ ಮೆತ್ತು. ಅಡಿಕೆ ಚೀಲ ಇಡುತ್ತಿದ್ದ ಮೆತ್ತಿನ ಒಂದು ಭಾಗ ಖಾಲಿ ಮಾಡಿ ಸಿನಿಮಾ ನೋಡುವ ಕೋಣೆ ಮಾಡಿಕೊಂಡು ಐದು ವರ್ಷವಾಯಿತು. ಇಷ್ಟರಲ್ಲಿ ಒಂದು ಪ್ರೊಜೆಕ್ಟರ್ ಹಾಳಾಗಿದೆ, ಒಂದು ಪರದೆಗೆ ಬೂಷ್ಟು ಹಿಡಿದಿದೆ. ಅದಕ್ಕೋ ಏನೋ, ನೆಂಟರಲ್ಲಿ ಯಾರಿಗೆ ಪ್ರೊಜೆಕ್ಟರ್ ಬೇಕಾದರೂ ಮೊದಲು ನನಗೇ ಫೋನ್ ಬರುತ್ತದೆ.

ಮೊದಲನೆಯದನ್ನು ಆನ್‌ಲೈನ್‌ನಲ್ಲಿ ತರಿಸಿದ್ದೆ, 6,500 ರೂಪಾಯಿ. ಡಬ್ಬದ ಮೇಲೆ 9,000 ಲುಮೆನ್ಸ್, 4ಕೆ ಅಂತ ದೊಡ್ಡದಾಗಿ ಬರೆದಿತ್ತು. ಸಂಜೆ ಏಳಕ್ಕೆ ಎಲ್ಲರನ್ನೂ ಮೆತ್ತಿಗೆ ಹತ್ತಿಸಿ ಕೂರಿಸಿ ಹಚ್ಚಿದೆ. ಆಯಿಗೆ ಹಿಂದಿನ ವರ್ಷವಷ್ಟೇ ಕಣ್ಣಿನ ಪೊರೆ ತೆಗೆಸಿದ್ದೆವು. ಐದು ನಿಮಿಷ ನೋಡಿ, "ತಮಾ, ನಂಗೆ ಮತ್ತೆ ಪೊರೆ ಬಂತನೋ?" ಅಂತ ಕೇಳಿದಳು. ಚಿತ್ರ ಅಷ್ಟು ಮಸುಕು.

ಲುಮೆನ್ಸ್ ಅಂದರೆ ಬೆಳಕಿನ ಲೆಕ್ಕ. ಆದರೆ ಆ ಬೆಳಕನ್ನು ಎಲ್ಲಿ ಅಳೆದರು ಅನ್ನುವುದು ಮುಖ್ಯ. ಅಗ್ಗದವರು ಒಳಗಿನ ಎಲ್‌ಇಡಿ ಹತ್ತಿರ ಅಳೆದದ್ದನ್ನು, ಕೆಲವೊಮ್ಮೆ ಸುಮ್ನೆ ಮನಸ್ಸಿಗೆ ಬಂದದ್ದನ್ನು ಬರೆಯುತ್ತಾರೆ. ನಿಮಗೆ ಬೇಕಾದದ್ದು ಲೆನ್ಸ್‌ನಿಂದ ಹೊರಗೆ ಬಂದು ಪರದೆಗೆ ಬೀಳುವ ಬೆಳಕು. ಅದನ್ನು ಆನ್ಸಿ ಲುಮೆನ್ಸ್ ಅಥವಾ ಐಎಸ್‌ಒ ಲುಮೆನ್ಸ್ ಅಂತ ಬರೆದಿರುತ್ತಾರೆ. ಬರೀ "ಲುಮೆನ್ಸ್" ಅಂತಿದ್ದರೆ ಅಂಗಡಿಯವನನ್ನು ಬಿಡದೇ ಕೇಳಿ. 4ಕೆ ಕಥೆಯೂ ಹೀಗೇ. "4ಕೆ ಸಪೋರ್ಟ್" ಅಂದರೆ 4ಕೆ ಫೈಲನ್ನು ಒಳಗೆ ತಗೊಳ್ಳುತ್ತದೆ, ಅಷ್ಟೇ. ತೋರಿಸುವುದು ಎಷ್ಟು ಅಂತ ತಿಳಿಯಲು "ನೇಟಿವ್ ರೆಸಲ್ಯೂಶನ್" ಅನ್ನುವ ಸಾಲು ಹುಡುಕಿ. ಚಿತ್ರ ಮೂಡುವ ಚುಕ್ಕೆಗಳ (ಪಿಕ್ಸೆಲ್) ಲೆಕ್ಕ ಅದು. ನನ್ನದರಲ್ಲಿ 1280×720 ಇತ್ತು. 100 ಇಂಚಿನ ಪರದೆಗೆ 1920×1080ಕ್ಕಿಂತ ಕಡಿಮೆ ಬೇಡವೇ ಬೇಡ.

ಆ ಯಂತ್ರ ಕೊನೆಗೆ ಹಾಳಾದದ್ದು ಒಂದು ಹುಳದಿಂದ. ಅಗ್ಗದ ಎಲ್‌ಸಿಡಿ ಪ್ರೊಜೆಕ್ಟರುಗಳಲ್ಲಿ ಫ್ಯಾನಿನ ಗಾಳಿ ಚಿತ್ರ ಮೂಡುವ ಗಾಜಿನ ಪಕ್ಕದಲ್ಲೇ ಹೋಗುತ್ತದೆ. ಸಾಸಿವೆ ಕಾಳಿಗಿಂತ ಸಣ್ಣ ಹುಳ ಒಳಗೆ ಹೋಗಿ ಅಲ್ಲೇ ಸತ್ತು ಅಂಟಿಕೊಂಡಿತು. ಪರದೆಯ ಮೇಲೆ ಅದು ಅಂಗೈಯಷ್ಟು ಕಂದು ಮಚ್ಚೆ. ನಾಯಕಿ ಎಡಕ್ಕೆ ನಿಂತಾಗೆಲ್ಲ ಕೆನ್ನೆಗೆ ಬಂದು ಕೂರುತ್ತಿತ್ತು. ಬಿಚ್ಚಿ ಒರೆಸಲು ಹೋದೆ, ಗಾಜಿನ ಮೇಲಿನ ಪದರ ಗೀಚಿ ಹೋಯಿತು.

ಎರಡನೇ ಸಲ ಯಂತ್ರದ ಹಿಂದೆ ಬೀಳಲಿಲ್ಲ. ಕೋಣೆಯಿಂದ ಶುರು ಮಾಡಿದೆ. ಯಾಕೆ ಅಂದರೆ, ಪ್ರೊಜೆಕ್ಟರ್ ಕಪ್ಪು ಬಣ್ಣ ಬಿಡುವುದಿಲ್ಲ. ಬಿಡಲು ಬರುವುದೂ ಇಲ್ಲ. ಚಿತ್ರದಲ್ಲಿ ಕಪ್ಪು ಇರಬೇಕಾದ ಜಾಗದಲ್ಲಿ ಅದು ಬೆಳಕನ್ನು ಆದಷ್ಟು ತಡೆಯುತ್ತದೆ, ಆದರೂ ಯಂತ್ರಕ್ಕೆ ತಕ್ಕಂತೆ ಸ್ವಲ್ಪ ಸೋರುತ್ತದೆ. ಅಲ್ಲಿ ನಿಮಗೆ ಹೆಚ್ಚಾಗಿ ಕಾಣುವುದು ನಿಮ್ಮ ಕೋಣೆಯ ಬೆಳಕಿನಲ್ಲಿ ನಿಮ್ಮ ಪರದೆ ಎಷ್ಟು ಬೆಳ್ಳಗಿದೆ ಅನ್ನುವುದು. ಟ್ಯೂಬ್‌ಲೈಟ್ ಹಾಕಿಕೊಂಡು ನೋಡಿದರೆ ಕಪ್ಪು ಹೋಗಿ ಬೂದು ಬಣ್ಣವಾಗುತ್ತದೆ, ಎಷ್ಟೇ ದುಡ್ಡು ಕೊಟ್ಟು ತಂದಿರಲಿ. ಗೋಡೆ, ಚಾವಣಿ ಬೆಳ್ಳಗಿದ್ದರೂ ಹಾಗೇ. ಪರದೆಯ ಬೆಳಕು ಅವಕ್ಕೆ ಬಡಿದು ಮತ್ತೆ ಪರದೆಗೇ ಬೀಳುತ್ತದೆ. ಈ ವಿಷಯದಲ್ಲಿ ನಮ್ಮ ಹಳೇ ಮನೆಗಳು ಪುಣ್ಯ ಮಾಡಿವೆ. ಮೆತ್ತಿಗೆ ಹೊಗೆ ಹಿಡಿದ ಮರದ ಚಾವಣಿ, ಗೇಣಗಲದ ಕಿಟಕಿ. ನಾನು ಮಾಡಿದ್ದು ಇಷ್ಟೇ: ಕಿಟಕಿಗೆ ದಪ್ಪ ಕಪ್ಪು ಬಟ್ಟೆ, ಪರದೆ ಇರುವ ಗೋಡೆಗೆ ಹೊಳಪಿಲ್ಲದ ಗಾಢ ಬೂದು ಬಣ್ಣ. ಬಣ್ಣ, ಬಟ್ಟೆ ಸೇರಿ ಎರಡು ಸಾವಿರದೊಳಗೆ ಮುಗಿಯಿತು. ಚಿತ್ರದಲ್ಲಿ ಆದ ವ್ಯತ್ಯಾಸ ನೋಡಿದರೆ ಅದರಷ್ಟು ಸದುಪಯೋಗವಾದ ದುಡ್ಡು ಬೇರೆ ಇಲ್ಲ.

ಆಮೇಲೆ ಟೇಪು ಹಿಡಿದು ಅಳೆದೆ. 100 ಇಂಚು ಅನ್ನುವುದು ಮೂಲೆಯಿಂದ ಮೂಲೆಗೆ. 16:9 ಪರದೆಗೆ ಅಗಲ ಸುಮಾರು 87 ಇಂಚು, ಎತ್ತರ 49. ಇದಕ್ಕೆ ಹತ್ತರಿಂದ ಹದಿಮೂರೂವರೆ ಅಡಿ ದೂರ ಕೂತರೆ ಸರಿ. ಇನ್ನೂ ಹತ್ತಿರ ಕೂತರೆ ಕುತ್ತಿಗೆ ನೋವು, ಇನ್ನೂ ದೂರ ಹೋದರೆ ಟಿವಿಯೇ ಸಾಕಿತ್ತಲ್ವಾ ಅನ್ನಿಸುತ್ತದೆ. ಬೆಳಕಿನ ಲೆಕ್ಕವೂ ಇಲ್ಲಿಂದಲೇ ಬರುತ್ತದೆ. ಈ ಪರದೆಯ ವಿಸ್ತೀರ್ಣ ಸುಮಾರು 30 ಚದರ ಅಡಿ. ಚಿತ್ರಮಂದಿರದಲ್ಲಿ ಚದರ ಅಡಿಗೆ 16 ಲುಮೆನ್ಸ್ ಇಟ್ಟುಕೊಳ್ಳುವುದು ರೂಢಿ. ಹದಿನಾರು ಮೂವತ್ತಲೆ 480. ಪೂರ್ತಿ ಕತ್ತಲೆ ಕೋಣೆಗೆ ಇಷ್ಟು ಸಾಕು! ಬಣ್ಣ ಸರಿ ಮಾಡುವ ಮೋಡ್ ಹಾಕಿದಾಗ, ದಿನ ಕಳೆದ ಹಾಗೆ, ಬೆಳಕು ಇಳಿಯುತ್ತದೆ. ಅದಕ್ಕೇ 1,000 ಆನ್ಸಿ ಲುಮೆನ್ಸ್ ಹತ್ತಿರದ್ದು ನೋಡಿ. ದೀಪ ಉರಿಯುವ ಹಾಲ್‌ಗೆ 2,500, 3,000 ಬೇಕಾಗುತ್ತದೆ. ಆಗಲೂ ಕಪ್ಪು ಕಾಣುವುದು ಬೂದು ಬಣ್ಣವಾಗಿಯೇ.

ಇನ್ನು ಯಂತ್ರ ಎಲ್ಲಿ ಕೂರಬೇಕು ಅನ್ನುವುದು. ಪ್ರತಿ ಪ್ರೊಜೆಕ್ಟರಿಗೂ "ಥ್ರೋ ರೇಶಿಯೋ" ಅಂತ ಒಂದು ಅಂಕಿ ಇರುತ್ತದೆ. ಪರದೆಯಿಂದ ಲೆನ್ಸಿಗೆ ಇರುವ ದೂರವನ್ನು ಪರದೆಯ ಅಗಲದಿಂದ ಭಾಗಿಸಿ. ನಮ್ಮ ಮೆತ್ತಿನಲ್ಲಿ ಒಂಬತ್ತೂವರೆ ಅಡಿಗೆ ಒಂದು ಅಡ್ಡತೊಲೆ ಇದೆ. ಅದರ ಹಿಂದೆ ಕಟ್ಟಿದರೆ ಚಿತ್ರದ ಮೇಲ್ಭಾಗ ತೊಲೆಗೇ ಬೀಳುತ್ತದೆ, ಹಾಗಾಗಿ ತೊಲೆಗೇ ನೇತು ಹಾಕಬೇಕು. ಒಂಬತ್ತೂವರೆ ಅಡಿಯನ್ನು ಏಳೂಕಾಲು ಅಡಿ ಅಗಲದಿಂದ ಭಾಗಿಸಿದರೆ 1.3. ಹಾಗಾಗಿ 1.2ರಿಂದ 1.5ರವರೆಗೆ ಝೂಮ್ ಇರುವ ಯಂತ್ರ ಹುಡುಕಿದೆ. ಝೂಮ್ ಇಲ್ಲದ್ದಾದರೆ ತೊಲೆಯನ್ನೇ ಸರಿಸಬೇಕು, ಮನೆ ಬಿದ್ದೀತು.

ಎತ್ತರವನ್ನೂ ನೋಡಿಕೊಳ್ಳಿ. ಲೆನ್ಸ್ ಪರದೆಯ ಅಗಲದ ನಡುವಿಗೆ ನೇರವಾಗಿರಬೇಕು, ಎಡ ಬಲ ವಾಲಬಾರದು. ತಲೆಕೆಳಗಾಗಿ ನೇತು ಹಾಕಿದರೆ ಸಾಮಾನ್ಯವಾಗಿ ಪರದೆಯ ಮೇಲಂಚಿನ ಮಟ್ಟಕ್ಕೋ ಸ್ವಲ್ಪ ಮೇಲಕ್ಕೋ ಬರಬೇಕು. "ಹೇಗಿಟ್ಟರೂ ಕೀಸ್ಟೋನ್‌ನಲ್ಲಿ ಸರಿ ಮಾಡಬಹುದು ಸರ್" ಅಂತ ಅಂಗಡಿಯವರು ಹೇಳುತ್ತಾರೆ. ಮಾಡಬಹುದು ನಿಜ. ಆದರೆ ಸೊಟ್ಟ ಚಿತ್ರವನ್ನು ಒಳಗೇ ಕುಗ್ಗಿಸಿ ನೇರ ಮಾಡುವುದು ಅದು. ದುಡ್ಡು ಕೊಟ್ಟ ಪಿಕ್ಸೆಲ್‌ಗಳಲ್ಲಿ ಒಂದಷ್ಟು ಹಾಳು, ಅಕ್ಷರದ ಅಂಚು ಮಸುಕು. ಲೆನ್ಸನ್ನೇ ಮೇಲೆ ಕೆಳಗೆ ಸರಿಸುವ "ಲೆನ್ಸ್ ಶಿಫ್ಟ್" ಇದ್ದರೆ ಈ ನಷ್ಟವಿಲ್ಲ.

ಒಳಗಿನ ತಂತ್ರದಲ್ಲಿ, ನನ್ನ ಮೊದಲನೆಯದರಂಥ ಅಗ್ಗದವನ್ನು ಬಿಟ್ಟರೆ, ಮನೆಯವರು ಕೊಳ್ಳುವುದು ಹೆಚ್ಚಾಗಿ ಎರಡು ಜಾತಿ: ಡಿಎಲ್‌ಪಿ, ಮೂರು ಫಲಕದ ಎಲ್‌ಸಿಡಿ. ಡಿಎಲ್‌ಪಿಯಲ್ಲಿ ಚಿಪ್ಪಿನ ಮೇಲೆ ಲಕ್ಷಗಟ್ಟಲೆ ಸಣ್ಣ ಕನ್ನಡಿಗಳು ಅಲ್ಲಾಡುತ್ತವೆ. ಚಿತ್ರ ಚೂಪು, ಒಳಗಿನ ಭಾಗ ಹೆಚ್ಚಾಗಿ ಮುಚ್ಚಿರುವುದರಿಂದ ಧೂಳು, ಹುಳದ ಕಾಟ ಕಡಿಮೆ. ಒಂದೇ ತೊಂದರೆ, ಬಣ್ಣಗಳು ಒಂದರ ಹಿಂದೆ ಒಂದು ಬರುವುದರಿಂದ ಕೆಲವರಿಗೆ ಕಣ್ಣು ಹೊರಳಿಸಿದಾಗ ಕಾಮನಬಿಲ್ಲು ಮಿಂಚಿದ ಹಾಗೆ ಕಾಣುತ್ತದೆ. ನನಗೆ ಕಾಣುವುದಿಲ್ಲ, ನನ್ನ ಹೆಂಡತಿಗೆ ಕಾಣುತ್ತದೆ. ಅಂಗಡಿಗೆ ಮನೆಯವರನ್ನೆಲ್ಲ ಕರೆದುಕೊಂಡು ಹೋಗಿ. ಕಪ್ಪು ಹಿನ್ನೆಲೆಯಲ್ಲಿ ಬಿಳಿ ಹೆಸರು ಓಡುವಾಗ ಎಡದಿಂದ ಬಲಕ್ಕೆ ಸರ್ರನೆ ಕಣ್ಣಾಡಿಸಿ ನೋಡಲು ಹೇಳಿ. ಯಾರಿಗಾದರೂ ಕಂಡರೆ ಬಣ್ಣಕ್ಕೊಂದು ಫಲಕ ಇರುವ ಎಲ್‌ಸಿಡಿಯೇ ಸರಿ, ಅದರಲ್ಲಿ ಬಣ್ಣಗಳು ಒಟ್ಟಿಗೇ ಬರುತ್ತವೆ. ನಾವು ಅದನ್ನೇ ತಂದೆವು, ಮೂರು ಫಲಕದ್ದು, ಜಾಲರಿ ಫಿಲ್ಟರ್ ಇರುವುದು. ತಿಂಗಳಿಗೊಮ್ಮೆ ಫಿಲ್ಟರ್ ಕ್ಲೀನ್ ಮಾಡುವುದು ನನ್ನ ಕೆಲಸ.

ಅಂಗಡಿಗೆ ಹೋಗುವಾಗ ಪೆನ್‌ಡ್ರೈವ್‌ನಲ್ಲಿ ನಿಮ್ಮದೇ ವಿಡಿಯೋ ಒಯ್ಯಿರಿ. ಅವರು ಹಾಕುವ ಗಿಳಿ, ಹೂವು, ಸಮುದ್ರದಲ್ಲಿ ಎಲ್ಲ ಯಂತ್ರವೂ ಚೆಂದ. ನಾನು ಒಯ್ದದ್ದು ಊರಿನ ಬಯಲಾಟದ ರಾತ್ರಿ ಫೋನ್‌ನಲ್ಲಿ ತೆಗೆದದ್ದು. ಹಿಂದೆ ಕತ್ತಲೆ, ಮುಂದೆ ಬಣ್ಣದ ವೇಷ. ಕಣ್ಣಿನ ಸುತ್ತಲಿನ ಕಪ್ಪು ಬಳಿತ ಬೇರೆ, ಹಿಂದಿನ ಕತ್ತಲೆ ಬೇರೆ ಅಂತ ಕಾಣಬೇಕು. ಒಂದು ಯಂತ್ರದಲ್ಲಿ ಎರಡೂ ಒಂದೇ ಬೂದಿ ಮುದ್ದೆ. ಇನ್ನೊಂದರಲ್ಲಿ ರೆಪ್ಪೆ ಎತ್ತಿದ್ದೂ ಗೊತ್ತಾಯಿತು. ಕಾಗದದ ಮೇಲೆ ಕಾಂಟ್ರಾಸ್ಟ್ ಅಂಕಿ, ಅಂದರೆ ಕಪ್ಪು ಬಿಳುಪಿನ ಅಂತರದ ಲೆಕ್ಕ, ಲಕ್ಷದಲ್ಲಿದ್ದದ್ದು ಮೊದಲನೆಯದಕ್ಕೆ!

ಪರದೆಗೆ ಬರೋಣ. ಕೊಳ್ಳುವ ಮುಂಚೆ ಒಂದು ವಾರ ಬಿಳಿ ಪಂಚೆ ಬಿಗಿಯಾಗಿ ಕಟ್ಟಿ ನೋಡಿ. ಎಷ್ಟು ಎತ್ತರ, ಎಷ್ಟು ಅಗಲ ಅಂತ ತೀರ್ಮಾನವಾಗುತ್ತದೆ. ನಾವು ಚಾಪೆ ಮೇಲೆ ಕೂತು ನೋಡುವವರು, ಪರದೆಯನ್ನು ಅರ್ಧ ಅಡಿ ಕೆಳಗಿಳಿಸಬೇಕು ಅಂತ ಗೊತ್ತಾದದ್ದು ಪಂಚೆಯಿಂದಲೇ. ಪರದೆ ಬೆಳಕನ್ನು ಎಷ್ಟು ತಿರುಗಿ ಕೊಡುತ್ತದೆ ಅನ್ನುವುದಕ್ಕೆ "ಗೇನ್" ಅನ್ನುತ್ತಾರೆ. ಹೊಳಪಿಲ್ಲದ ಬಿಳಿ ಪರದೆಗೆ 1.0 ಆಸುಪಾಸು. ಗೇನ್ ಜಾಸ್ತಿಯಾದಷ್ಟು ನೇರ ಕೂತವರಿಗೆ ಜೋರು, ಪಕ್ಕದವರಿಗೆ ಮಂಕು. ಹಬ್ಬಕ್ಕೆ ಹದಿನೈದು ಜನ ಗೋಡೆಯಿಂದ ಗೋಡೆಗೆ ಸಾಲಾಗಿ ಕೂರುವ ಮನೆಗೆ ಅದು ಜಗಳಕ್ಕೆ ದಾರಿ. ಹೊರಗಿನ ಬೆಳಕು ತಡೆಯುವ ಎಎಲ್‌ಆರ್ ಪರದೆ ದುಬಾರಿ, ಹೆಚ್ಚಿನವಕ್ಕೆ ಇದೇ ತೊಂದರೆ. ಕತ್ತಲೆ ಕೋಣೆಗೆ ಅದು ಬೇಕಾಗಿಯೂ ಇಲ್ಲ.

ನಾನು ಮೊದಲು ತಂದದ್ದು ಕೆಳಗೆ ಎಳೆಯುವ ಸುರುಳಿ ಪರದೆ, 4,500 ರೂಪಾಯಿ. ಜುಲೈನಲ್ಲಿ ಒಂದು ರಾತ್ರಿ ನೋಡಿ, ಹಾಗೇ ಸುತ್ತಿಬಿಟ್ಟೆ. ಆಮೇಲೆ ತೋಟ, ಔಷಧಿ ಹೊಡೆಯುವುದು ಅಂತ ಮೇಲೆ ಹತ್ತಲೇ ಇಲ್ಲ. ಚೌತಿಗೆ ನೆಂಟರು ಬಂದಾಗ ಎಳೆದರೆ, ನಡುವಿನಿಂದ ಕೆಳಗೆ ಕಪ್ಪು ಚುಕ್ಕೆ, ಹಲಸಿನ ಹಪ್ಪಳ ಮಳೆಗೆ ಸಿಕ್ಕಿದ ಹಾಗೆ. ಒರೆಸಿದರೆ ಹೋಗಲಿಲ್ಲ. ಅಂಚುಗಳೂ ಅಲೆಯಲೆಯಾಗಿ ಮಡಚಿಕೊಂಡಿದ್ದವು. ಈಗಿರುವುದು ನಾಲ್ಕೂ ಕಡೆ ಬಿಗಿದ ಚೌಕಟ್ಟಿನ ಪರದೆ. ಗೋಡೆಯಿಂದ ಎರಡು ಇಂಚು ಮುಂದೆ ನಿಲ್ಲಿಸಿದ್ದೇನೆ, ಹಿಂದೆ ಗಾಳಿ ಆಡುತ್ತದೆ. ಜಾಗ ಇದ್ದವರು ಇದನ್ನೇ ಹಾಕಿ. ಸುತ್ತುವುದೇ ಬೇಕೆಂದರೆ ಮಳೆಗಾಲದಲ್ಲಿ ಸುತ್ತದೇ ಬಿಟ್ಟು ಮೇಲೊಂದು ತೆಳು ಬಟ್ಟೆ ಇಳಿಬಿಡಿ.

ಮಳೆಗಾಲದಲ್ಲಿ ಯಂತ್ರಕ್ಕೂ ವಾರಕ್ಕೊಮ್ಮೆ ಒಂದು ಗಂಟೆ ಓಡುವ ಕೆಲಸ ಕೊಡಿ. ಒಳಗಿನ ಬಿಸಿಗೆ ತೇವ ಆರುತ್ತದೆ, ಲೆನ್ಸಿಗೆ ಬೂಷ್ಟು ಬರುವುದು ಕಡಿಮೆ. ನಮ್ಮಲ್ಲಿ ಕರೆಂಟ್ ಹೇಳಿ ಕೇಳಿ ಹೋಗುವುದಿಲ್ಲ. ಹಳೇ ಲ್ಯಾಂಪ್ ಪ್ರೊಜೆಕ್ಟರಿಗೆ ಇದು ಕಷ್ಟ. ಕರೆಂಟ್ ಹೋದ ಕೂಡಲೇ ಫ್ಯಾನ್ ನಿಲ್ಲುತ್ತದೆ, ಕಾದ ಲ್ಯಾಂಪ್ ಹಾಗೇ ಬೇಯುತ್ತದೆ. ಇನ್ವರ್ಟರ್ ಇಲ್ಲದಿದ್ದರೆ ಲ್ಯಾಂಪ್ ಬಿಟ್ಟು ಎಲ್‌ಇಡಿ ಅಥವಾ ಲೇಸರ್ ತಗೊಳ್ಳಿ. ಲ್ಯಾಂಪ್ ಕೆಲವು ಸಾವಿರ ಗಂಟೆಗೆ ಮುಗಿದರೆ ಇವಕ್ಕೆ 20,000 ಗಂಟೆ ಅನ್ನುತ್ತಾರೆ. ಇನ್ವರ್ಟರ್ ಇಡುವುದಾದರೆ ಲೈನಿನ ಕರೆಂಟಿನ ಹಾಗೇ ಕೊಡುವ "ಪ್ಯೂರ್ ಸೈನ್ ವೇವ್" ಆಗಿರಲಿ. ಗುಡುಗು ಶುರುವಾದರೆ ಪ್ಲಗ್ ಕಿತ್ತುಬಿಡಿ, ಡಿಶ್ ಕೇಬಲ್ ಸಮೇತ.

ಕುಮಟೆಯ ಭಾವನಿಗೆ ಮಾತ್ರ ನಾನು ಪ್ರೊಜೆಕ್ಟರ್ ಬೇಡ ಅಂದೆ. ಸಮುದ್ರದ ಕಡೆಗೆ ದೊಡ್ಡ ಕಿಟಕಿಯ ಹಾಲ್, ಬಿಳಿ ಟೈಲ್ಸ್, ಬಿಳಿ ಚಾವಣಿ. ಏಪ್ರಿಲ್ ಸೆಕೆಯಲ್ಲಿ ಕಿಟಕಿ ಮುಚ್ಚಿ ಕೂರಲು ಸಾಧ್ಯವೇ? ಉಪ್ಪು ಗಾಳಿಗೆ ಅವನ ಮನೆಯ ಫ್ಯಾನಿನ ಸ್ಕ್ರೂಗಳೇ ತುಕ್ಕು. ಅವನು ಕೇಳಲಿಲ್ಲ. ನನ್ನ ಯಂತ್ರವನ್ನೇ ಕಂಬಳಿಯಲ್ಲಿ ಸುತ್ತಿ ದೇವಿಮನೆ ಘಾಟಿ ಇಳಿಸಿ ಒಯ್ದು, ಮಧ್ಯಾಹ್ನ ಮೂರಕ್ಕೆ ಹಚ್ಚಿ ತೋರಿಸಿದೆ. "ಆನ್ ಆಗಿದ್ಯಾ ಇದು?" ಅಂದ. ವಾರದೊಳಗೆ 65 ಇಂಚಿನ ಟಿವಿ ಬಂತು.

ಧ್ವನಿಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಪ್ರೊಜೆಕ್ಟರ್ ಒಳಗಿನ ಸ್ಪೀಕರ್ ಹಂಚಿನ ಮೇಲಿನ ಮಳೆಗೆ ಸೋಲುತ್ತದೆ. ಒಂದು ಸೌಂಡ್‌ಬಾರ್ ಇಡಿ, ವೈರ್‌ನಲ್ಲೇ ಜೋಡಿಸಿ. ಬ್ಲೂಟೂತ್‌ನಲ್ಲಿ ಒಮ್ಮೊಮ್ಮೆ ತುಟಿ ಮೊದಲು, ಮಾತು ಆಮೇಲೆ.

ಕೊನೆಗೆ ಹುಳದ ವಿಷಯ, ಇದನ್ನು ಯಾವ ಅಂಗಡಿಯವನೂ ಹೇಳುವುದಿಲ್ಲ. ಮೊದಲ ಮಳೆ ಬಿದ್ದ ಸಂಜೆ ಮಳೆಹುಳಗಳು ನೂರಾರು ಏಳುತ್ತವೆ. ಕತ್ತಲೆ ಮೆತ್ತಿನಲ್ಲಿ ಬೆಳಕು ಇರುವುದು ಪರದೆಯಲ್ಲಿ ಮಾತ್ರ, ಎಲ್ಲ ಅಲ್ಲಿಗೇ. ಅವುಗಳ ಹಿಂದೆ ಹಲ್ಲಿ. ಕಿಟಕಿಗೆ ಸಣ್ಣ ಕಣ್ಣಿನ ಜಾಲರಿ ಹೊಡೆಸಿ. ಅಂಥ ದಿನ ನಾವು ಅಂಗಳದ ದೊಡ್ಡ ದೀಪ ಹಾಕಿ, ಮೆತ್ತಿನ ದೀಪ ಆರಿಸಿ, ಊಟ ಮುಗಿಸಿ, ಹುಳ ಎಲ್ಲ ಅಂಗಳಕ್ಕೆ ಹೋದ ಮೇಲೆ ಶುರು ಮಾಡುತ್ತೇವೆ.